ಹುಂಡಿಯ ಸುತ್ತ ಎಷ್ಟು ಕಣ್ಣು

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿ ದೇವಸ್ಥಾನದ ಹುಂಡಿ ತೆರೆಯುವ ದಿನ ದಾಸೋಹ ಭವನದಲ್ಲಿ ಜಮಖಾನದ ಮೇಲೆ ಹಣ ಸುರಿದು ಎಣಿಸುತ್ತಾರೆ. ಹಲವು ಸಲ ಆ ಮೊತ್ತ ಕೋಟಿ ರೂಪಾಯಿ ದಾಟುತ್ತದೆ. ಎಣಿಸಲು ಕೂತವರಲ್ಲಿ ದೇವಸ್ಥಾನದ ಸಿಬ್ಬಂದಿ ಇರುತ್ತಾರೆ, ಬ್ಯಾಂಕಿನವರು ಇರುತ್ತಾರೆ, ಅದಕ್ಕೆಂದೇ ಕರೆಸಿದ ಹೊರಗಿನವರೂ ಇರುತ್ತಾರೆ. ಪಕ್ಕದಲ್ಲಿ ಪೊಲೀಸರು, ಮೇಲೆ ಕ್ಯಾಮೆರಾ. ಎಲ್ಲರೂ ಒಬ್ಬನೇ ಯಜಮಾನನ ಕೈಕೆಳಗಿನವರಲ್ಲ. ಆ ಹಣದ ಎದುರು ಯಾರೂ ಒಂಟಿಯಾಗಿ ಕೂರುವುದಿಲ್ಲ. ಈ ಏರ್ಪಾಡಿನಿಂದ ಕಳವು ಏಕೆ ತಗ್ಗುತ್ತದೆ ಎಂಬುದನ್ನು ಶಾಸ್ತ್ರದ ಮಾತಿನಲ್ಲಿ ಹೇಳಲು ಅಪರಾಧಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಸಮಯ ಹಿಡಿಯಿತು.

ಈ ವಿಚಾರದ ಹಳೆಯ ಎಳೆಯೊಂದು ನಂಜನಗೂಡಿಗೆ ತೀರ ಹತ್ತಿರದಲ್ಲೇ ಸಿಗುತ್ತದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂತು. 1909ರಲ್ಲಿ ಅದು ಅಚ್ಚಾಯಿತು. ಅದರ ಎರಡನೆಯ ಅಧಿಕರಣ ಸರ್ಕಾರದ ಹಣವನ್ನು ಒಳಗಿನವರೇ ನುಂಗುವ ನಲವತ್ತು ದಾರಿಗಳನ್ನು ಎಣಿಸುತ್ತದೆ. ಬಂದದ್ದನ್ನು ಬರೆಯದಿರುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಅಳತೆ ತೂಕಗಳಲ್ಲಿ ಕೈಚಳಕ ತೋರುವುದು, ಇವೆಲ್ಲ ಅಲ್ಲಿವೆ. ಒಂದು ಇಲಾಖೆಗೆ ಒಬ್ಬನೇ ಮುಖ್ಯಸ್ಥನಿರಬಾರದು, ಇದ್ದವರೂ ಅಲ್ಲೇ ಬೇರೂರಬಾರದು ಎಂಬ ಸೂಚನೆಯಿದೆ. ನುಂಗಣೆಯ ಸುಳಿವು ಕೊಟ್ಟು ರುಜುವಾತು ಮಾಡಿದವನಿಗೆ ಆ ಮೊತ್ತದ ಆರನೆಯ ಒಂದು ಪಾಲು. ಹಾಗೆ ಮಾಡಿದವನು ಸಂಬಳದ ನೌಕರನಾಗಿದ್ದರೆ ಹನ್ನೆರಡನೆಯ ಒಂದು ಪಾಲು. ಈ ಲೆಕ್ಕಕ್ಕೆ ಮುಂದೆ ಮರಳುತ್ತೇನೆ.

ಯೂರೋಪಿನಲ್ಲಿ ಬೆಳೆದ ಅಪರಾಧಶಾಸ್ತ್ರ ಬಹುಕಾಲ ಬೇರೆ ದಿಕ್ಕಿಗೆ ನಡೆಯಿತು. 1764ರಲ್ಲಿ ಬೆಕಾರಿಯಾ ಶಿಕ್ಷೆಯ ನ್ಯಾಯಾನ್ಯಾಯ ವಿಚಾರಿಸಿದ. 1876ರಲ್ಲಿ ಲೊಂಬ್ರೋಸೊ ಅಪರಾಧಿಯ ತಲೆಬುರುಡೆ, ಮುಖಲಕ್ಷಣಗಳಲ್ಲಿ ಕಾರಣ ಹುಡುಕಿದ. ಕಚೇರಿ, ಕಾರ್ಖಾನೆ, ಬ್ಯಾಂಕುಗಳ ಒಳಗೆ ನಡೆಯುವ ಅಪರಾಧದತ್ತ ಶಾಸ್ತ್ರ ಗಟ್ಟಿಯಾಗಿ ತಿರುಗಿದ್ದು 1939ರಲ್ಲಿ, ಅಮೆರಿಕದ ಎಡ್ವಿನ್ ಸದರ್‌ಲ್ಯಾಂಡ್ ಬಿಳಿ ಕಾಲರ್ ಅಪರಾಧದ ಮಾತೆತ್ತಿದಾಗ. ಬಡತನವೇ ಅಪರಾಧದ ಬೇರು ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು.

ಅವನ ಶಿಷ್ಯ ಡೊನಾಲ್ಡ್ ಕ್ರೆಸ್ಸಿ ಸೆರೆಮನೆಗಳಿಗೆ ಹೋಗಿ, ನಂಬಿಕೆಯ ಹುದ್ದೆಯಲ್ಲಿದ್ದು ಹಣ ತಿಂದವರನ್ನು ಕೂರಿಸಿಕೊಂಡು ಮಾತಾಡಿಸಿದ. 1953ರಲ್ಲಿ ಬಂದ ಅವನ ಪುಸ್ತಕದಿಂದ ಮೂರು ಸಂಗತಿಗಳನ್ನು ಹೆಕ್ಕಬಹುದು: ಯಾರ ಮುಂದೆಯೂ ಹೇಳಿಕೊಳ್ಳಲಾಗದ ಹಣದ ಒತ್ತಡ, ಸಿಕ್ಕಿಬೀಳದೆ ಅದನ್ನು ನೀಗಿಸಿಕೊಳ್ಳುವ ಅವಕಾಶ, ಮಾಡಿದ್ದು ತಪ್ಪಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುವ ಸಮರ್ಥನೆ. ‘ಕದಿಯುತ್ತಿಲ್ಲ, ಕೈಗಡ ತೊಗೊಂಡಿದ್ದೀನಿ, ಬೆಳೆ ಬಂದ ಮೇಲೆ ಕಟ್ಟಿಬಿಡ್ತೀನಿ’ ಎಂಬಂಥ ಮಾತು ಆ ಮೂರನೆಯದು. ಲೆಕ್ಕಪರಿಶೋಧಕರು ಇದನ್ನು ವಂಚನೆಯ ತ್ರಿಕೋನ ಎಂದು ಕರೆಯುತ್ತಾರೆ. ಹಳ್ಳಿಯ ಸೊಸೈಟಿಗಳ ಒಳಹೊರಗು ಬಲ್ಲವರಿಗೆ ಮೂರನೆಯ ಕೋನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. ಬ್ರಿಟನ್ನಿನ ಗೃಹ ಇಲಾಖೆಯ ಸಂಶೋಧಕ ರೊನಾಲ್ಡ್ ಕ್ಲಾರ್ಕ್ ಮತ್ತು ಸಂಗಡಿಗರು 1976ರಲ್ಲಿ ಅವಕಾಶವೇ ಅಪರಾಧದ ಒಂದು ಕಾರಣ ಎಂದು ವಾದಿಸಿದರು. 1979ರಲ್ಲಿ ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಇನ್ನೂ ಸರಳವಾದ ಸೂತ್ರ ಕೊಟ್ಟರು: ಮನಸ್ಸು ಮಾಡಿದವನು, ಕೈಗೆಟುಕುವ ವಸ್ತು, ಕಾಯುವವರಿಲ್ಲದ ಹೊತ್ತು, ಈ ಮೂರೂ ಕೂಡಿದ ಕಡೆ ಅಪರಾಧ ನಡೆಯುತ್ತದೆ. ಕಾಯುವವರು ಪೊಲೀಸರೇ ಆಗಬೇಕಿಲ್ಲ, ಪಕ್ಕದಲ್ಲಿ ನಿಂತವರೂ ಆಗಬಹುದು. 2003ರ ಹೊತ್ತಿಗೆ ಕ್ಲಾರ್ಕ್ ಮತ್ತು ಡೆರೆಕ್ ಕಾರ್ನಿಶ್ ಸನ್ನಿವೇಶವನ್ನು ತಿದ್ದಿ ಅಪರಾಧ ತಡೆಯುವ 25 ಉಪಾಯಗಳ ಪಟ್ಟಿ ಮಾಡಿದರು. ಶ್ರಮ ಹೆಚ್ಚಿಸುವುದು, ಸಿಕ್ಕಿಬೀಳುವ ಭಯ ಹೆಚ್ಚಿಸುವುದು, ಲಾಭ ತಗ್ಗಿಸುವುದು, ಕೆಣಕುವ ಸಂದರ್ಭಗಳನ್ನು ಕಡಿಮೆ ಮಾಡುವುದು, ನೆಪಗಳನ್ನು ಕಿತ್ತುಹಾಕುವುದು ಎಂಬ ಐದು ಗುಂಪುಗಳಲ್ಲಿ ಆ ಪಟ್ಟಿ ಇದೆ.

ಈ ಸೂತ್ರಗಳನ್ನು ನಂಜನಗೂಡಿನ ನೆರೆಯಲ್ಲೇ ಇಟ್ಟು ನೋಡಬಹುದು. ಪಕ್ಕದ ತಾಲ್ಲೂಕು ಟಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಫಿಲೇಚರ್ ಇದೆ; ಗೂಡಿನಿಂದ ನೂಲು ತೆಗೆದು ಮೈಸೂರಿನ ನೇಯ್ಗೆ ಕಾರ್ಖಾನೆಗೆ ಕಳಿಸುವ ಜಾಗ ಅದು. ಮೈಸೂರಿನ ಆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ರೇಷ್ಮೆ ಹಗುರ, ಬೆಲೆ ಜಾಸ್ತಿ, ಮಡಚಿದರೆ ಅಂಗೈಯಗಲ. ಫೆಲ್ಸನ್ ಹೇಳುವ ‘ಕೈಗೆಟುಕುವ ವಸ್ತು’ವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಈ ಕಸುಬಿನಲ್ಲಿ ‘ರೆಂಡಿಟ್ಟ’ ಎಂಬ ಅಳತೆ ಇದೆ: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕ. ಗೂಡಿನ ಗುಣ ನೋಡಲು ಹುಟ್ಟಿದ ಅಳತೆ ಇದು. ಒಂದೇ ಬಗೆಯ ಗೂಡಿಗೆ ಎಂದಿನ ರೆಂಡಿಟ್ಟ ಏಳು ಇದ್ದದ್ದು ಎಂಟಕ್ಕೆ ಏರಿತೆಂದುಕೊಳ್ಳಿ. ಗೂಡು ಕೆಟ್ಟಿರಬೇಕು, ಬಿಚ್ಚುವ ಕೆಲಸ ಸರಿಯಾಗಿ ಆಗಿರಲಿಕ್ಕಿಲ್ಲ, ಇಲ್ಲವೇ ನೂಲು ಎಲ್ಲೋ ಹೋಗಿರಬೇಕು. ಯಾರ ಚೀಲವನ್ನೂ ಬಿಚ್ಚದೆ, ಯಾರ ಮಾನವನ್ನೂ ಕಳೆಯದೆ ಪ್ರಶ್ನೆ ತಾನಾಗಿ ಏಳುತ್ತದೆ. ಸಂಸ್ಥೆಯ ಕೆಲಸದ ಲೆಕ್ಕವೇ ಕಾವಲಾಗುವ ಇಂಥ ಏರ್ಪಾಡಿನ ಮೇಲೆ ನನಗೆ ಗೇಟಿನ ತಪಾಸಣೆಗಿಂತ ಹೆಚ್ಚು ಗೌರವ. ದಿನವಿಡೀ ದುಡಿದ ಹೆಣ್ಣುಮಗಳ ಊಟದ ಡಬ್ಬಿ ತೆಗೆಸಿ ನೋಡುವ ಪದ್ಧತಿ ಕಳವನ್ನು ತಡೆದರೂ ಕೆಣಕನ್ನು ಬಿತ್ತುತ್ತದೆ; ಕ್ಲಾರ್ಕನ ನಾಲ್ಕನೆಯ ಗುಂಪು ಎಚ್ಚರಿಸುವುದು ಇದನ್ನೇ.

ಸೀರೆಯಾದ ಮೇಲೆ ಕಳವಿಗಿಂತ ನಕಲಿನ ಭಯ ದೊಡ್ಡದು. ನಿಗಮದ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಅದಕ್ಕೇ ಪ್ರತಿ ಸೀರೆಗೂ ತನ್ನದೇ ಸಂಕೇತ ಸಂಖ್ಯೆ, ಹಾಲೋಗ್ರಾಂ. ಕದ್ದ ಮಾಲನ್ನು ಅಸಲಿ ಬೆಲೆಗೆ ಮಾರುವುದು ಇದರಿಂದ ಕಷ್ಟವಾಗುತ್ತದೆ.

ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಹಾಲಿನ ಡೈರಿಯ ಮುಂದೆ ನಿಲ್ಲುವ ಸಾಲೂ ಇಂಥದೇ ಪಾಠ. ಅಳತೆ, ಡಿಗ್ರಿ, ಫ್ಯಾಟ್ ಎಲ್ಲವನ್ನೂ ಕಾರ್ಯದರ್ಶಿಯೇ ನೋಡಿ ಬರೆಯುತ್ತಿದ್ದಾಗ ಅನುಮಾನಕ್ಕೆ ಕೊನೆಯಿರಲಿಲ್ಲ. ಯಂತ್ರ ಬಂದು, ಅಂಕಿ ಹಾಲು ಹಾಕುವವರ ಕಣ್ಣಿಗೇ ಬಿದ್ದು, ಚೀಟಿ ಕೈಗೆ ಬರುವ ಕಡೆ ಹಿಂದೆ ನಿಂತವರೆಲ್ಲ ಸಾಕ್ಷಿಗಳು. ಯಂತ್ರದ ಮುಖ ಸಾಲಿನ ಕಡೆಗಿದೆಯೋ ಕಾರ್ಯದರ್ಶಿಯ ಕಡೆಗಿದೆಯೋ ಎಂಬ ಸಣ್ಣ ವಿಷಯದಲ್ಲೇ ಎಲ್ಲವೂ ಅಡಗಿದೆ.

ಸರ್ಕಾರಿ ಕಚೇರಿಗಳಲ್ಲಿ ಈ ವಿಚಾರದ ಅತಿ ದೊಡ್ಡ ಪ್ರಯೋಗ ‘ಭೂಮಿ’. ಸುಮಾರು 2 ಕೋಟಿ ಪಹಣಿಗಳು ಹೊಸ ಶತಮಾನದ ಆರಂಭದಲ್ಲಿ ಗ್ರಾಮಲೆಕ್ಕಿಗರ ಕಡತದಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟು ಪಡೆಯಬಹುದಾಯಿತು. ಕಂಪ್ಯೂಟರಿನೊಳಗೆ ಹೋಗಲು ನೌಕರ ಬೆರಳಚ್ಚು ಕೊಡಬೇಕು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು. ನಂಜನಗೂಡು, ನರಸೀಪುರದ ರೈತರೂ ಈ ಕಿಟಕಿಯ ಮುಂದೆ ನಿಂತವರೇ. ಆದರೆ ಮೆಚ್ಚುಗೆಯ ಜೊತೆ ಟೀಕೆಯೂ ಬಂತು. 2007ರಲ್ಲಿ ಸಾಲೋಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ, ಈ ಕೇಂದ್ರೀಕರಣದಿಂದ ದೊಡ್ಡ ಭೂಖರೀದಿದಾರರಿಗೇ ದಾರಿ ಸುಲಭವಾಯಿತು, ಲಂಚವೂ ನಿಲ್ಲಲಿಲ್ಲ ಎಂದು ವಾದಿಸಿದರು. ಒಂದು ಬಾಗಿಲು ಮುಚ್ಚಿದರೆ ಅಪರಾಧ ಮತ್ತೊಂದು ಬಾಗಿಲಿಗೆ ಹೋಗುವುದಿಲ್ಲವೇ ಎಂಬುದು ಕ್ಲಾರ್ಕನಿಗೂ ಎದುರಾದ ಪ್ರಶ್ನೆ. ಪೂರ್ತಿಯಾಗಿ ಹೋಗುವುದು ಅಪರೂಪ ಎಂಬುದು ಈ ಪಂಥದವರು ಹಲವು ಅಧ್ಯಯನಗಳಿಂದ ಕೊಡುವ ಉತ್ತರ. ಅದನ್ನು ನಾನು ಒಪ್ಪುತ್ತೇನೆ. ಆದರೂ ಯಾವ ಬಾಗಿಲು ತೆರೆದಿದೆ ಎಂದು ಹುಡುಕಿಕೊಂಡೇ ಇರಬೇಕು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆಯ ಕಾರ್ಖಾನೆ 1989ರಲ್ಲಿ ಬಂತು. ಆಮೇಲೆ ಔಷಧ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಕಾರ್ಖಾನೆಗಳೂ ಬಂದವು. ಅಂಥ ಕಡೆ ಗೇಟ್ ಪಾಸು, ವೇಬ್ರಿಡ್ಜು, ಗುಜರಿ ಹರಾಜಿನ ನಿಯಮ ಇವೆಲ್ಲ ರೂಢಿಯ ಸಂಗತಿ. ಕೆಳಗಿನವನ ಕೈಯಿಂದ ಜಾರುವ ಮಾಲಿಗೆ ಇವು ಸಾಕು. ಮೇಲಿನವರು ಕೈಹಾಕಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕ್ಯಾಮೆರಾದ ಕೀಲಿಯೂ ಅವರ ಹತ್ತಿರವೇ ಇರುತ್ತದೆ. ಸದರ್‌ಲ್ಯಾಂಡ್ ಎಚ್ಚರಿಸಿದ್ದು ಇವರ ಬಗ್ಗೆ, 25 ಉಪಾಯಗಳು ಹೆಚ್ಚು ಬಳಕೆಯಾದದ್ದು ಕೆಳಗಿನವರ ಮೇಲೆ. ಈ ಕ್ಷೇತ್ರದ ಬೆಳವಣಿಗೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಕೊರತೆ ಇದು.

ಇದಕ್ಕಿರುವ ಮದ್ದು ಸುಳಿವು ಕೊಡುವ ಮನುಷ್ಯ. ವಂಚನೆ ಪರಿಶೋಧಕರ ಅಂತಾರಾಷ್ಟ್ರೀಯ ಸಂಘದ ವರದಿಗಳಲ್ಲಿ ಮತ್ತೆ ಮತ್ತೆ ಇದೇ ಕಾಣುತ್ತದೆ: ಸಂಸ್ಥೆಯೊಳಗಿನ ವಂಚನೆಗಳಲ್ಲಿ ಶೇ. 40ಕ್ಕೂ ಹೆಚ್ಚು ಬಯಲಾಗುವುದು ಯಾರೋ ಹೇಳಿದ್ದರಿಂದ, ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿನ ನೌಕರರೇ. ಲೆಕ್ಕಪರಿಶೋಧನೆಯ ಪಾಲು ಅದಕ್ಕಿಂತ ಬಹಳ ಕಡಿಮೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಿಗೆ ದೂರು ಹೇಳಿಕೊಳ್ಳುವ ದಾರಿಯನ್ನು ಕಡ್ಡಾಯ ಮಾಡಿತು. ಸರ್ಕಾರದೊಳಗಿನ ಅಕ್ರಮ ತಿಳಿಸುವವರನ್ನು ಕಾಪಾಡಲು 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಆದರೆ ವರ್ಷಗಟ್ಟಲೆ ಅದನ್ನು ಜಾರಿಗೆ ತರಲಿಲ್ಲ. ಸಹಕಾರ ಸಂಘಗಳಿಗೆ 1959ರ ರಾಜ್ಯ ಕಾಯ್ದೆಯಿದೆ. ಅದರ 63ನೆಯ ಕಲಮಿನಲ್ಲಿ ಲೆಕ್ಕಪರಿಶೋಧನೆ, 64ರಲ್ಲಿ ವಿಚಾರಣೆ, 69ರಲ್ಲಿ ನಷ್ಟದ ವಸೂಲಿ. ಇವೆಲ್ಲ ಹಣ ಹೋದ ಮೇಲಿನ ಕೆಲಸ. ಕೌಟಿಲ್ಯ ಹನ್ನೆರಡನೆಯ ಒಂದು ಪಾಲು ಕೊಡಿಸಿದ ನೌಕರನಿಗೆ ಹಳ್ಳಿಯ ಸೊಸೈಟಿಯಲ್ಲಿ ಇವತ್ತೂ ಜಾಗವಿಲ್ಲ. ಗಿರವಿ ಚಿನ್ನದ ಗಂಟಿನಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಗೊತ್ತಾದ ಕಿರಿಯ ಗುಮಾಸ್ತೆ ಅದನ್ನು ಮೊದಲು ಹೇಳಬೇಕಾದದ್ದು ಕಾರ್ಯದರ್ಶಿಗೆ. ಬೀಗದ ಕೈ ಇರುವುದೂ ಅವರ ಹತ್ತಿರ, ಅವಳ ಸಂಬಳದ ಪಟ್ಟಿಗೆ ಸಹಿ ಹಾಕುವವರೂ ಅವರೇ, ಬಹಳ ಊರುಗಳಲ್ಲಿ ಅವಳಿಗೆ ಅವರು ದೊಡ್ಡಪ್ಪನೋ ಮಾವನೋ ಆಗಿರುತ್ತಾರೆ.