ಮನೆಮದ್ದು: ಎಲ್ಲಿಂದ ಬಂತು, ಎಲ್ಲಿಯವರೆಗೆ?

ಕೆಮ್ಮಿಗೆ ಜೇನು, ಮಲಬದ್ಧತೆಗೆ ಇಸಬ್‌ಗೋಲ್, ನೆಗಡಿಗೆ ಕರಿಜೀರಿಗೆ, ಜ್ವರ ಬಂದು ಎದ್ದವರಿಗೆ ತೆಳು ಗಂಜಿ. ನಮ್ಮ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ಬಂದ ಜ್ಞಾನವಿದು. ಇಂದು ಇದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಇದೆಲ್ಲ ಹಳೆಯ ಕಾಲದ ಅಜ್ಞಾನ ಎನ್ನುವವರು ಕೆಲವರು. ಕರಿಜೀರಿಗೆಯೊಂದಿದ್ದರೆ ಸಾಕು, ಇನ್ಸುಲಿನ್ ನಿಲ್ಲಿಸಿ, ಆಸ್ಪತ್ರೆ ಬಿಡಿ ಎಂದು ಮೊಬೈಲ್‌ನಲ್ಲಿ ಸಂದೇಶ ಹಂಚುವವರು ಇನ್ನು ಕೆಲವರು. ಅದಕ್ಕೆ ದೀನ್‌ನ ಹೆಸರನ್ನೂ ಅಂಟಿಸುತ್ತಾರೆ. ನಮ್ಮ ಪೂರ್ವಜರು ಮನೆಮದ್ದನ್ನು ಹೇಗೆ ಕಂಡಿದ್ದರು ಎಂಬುದನ್ನು ನೋಡಿದರೆ ಈ ಎರಡೂ ಮಾತುಗಳು ನಿಲ್ಲುವುದಿಲ್ಲ.

ಮದೀನಾದ ಮನೆಗಳಲ್ಲಿ

ಪ್ರವಾದಿ(ಸ)ರ ಕಾಲದ ಮದೀನಾದಲ್ಲಿ ರೋಗಿಗಳ ಆರೈಕೆ ಬಹುಪಾಲು ಮನೆಯ ಮಹಿಳೆಯರ ಕೈಯಲ್ಲಿತ್ತು. ಹಿ. 3ರಲ್ಲಿ (ಕ್ರಿ.ಶ. 625) ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರ ಮುಖಕ್ಕೆ ಗಾಯವಾದಾಗ ಹ. ಅಲಿ(ರ) ಗುರಾಣಿಯಲ್ಲಿ ನೀರು ತಂದರು, ಹ. ಫಾತಿಮಾ(ರ) ಗಾಯ ತೊಳೆದರು. ರಕ್ತ ನಿಲ್ಲದಿದ್ದಾಗ ಚಾಪೆಯ ತುಂಡೊಂದನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರು. ಹ. ಅಸ್ಮಾ ಬಿಂತ್ ಅಬೂಬಕ್ಕರ್(ರ) ಅವರ ಬಳಿಗೆ ಜ್ವರದ ಹೆಂಗಸರನ್ನು ಕರೆತಂದಾಗ ಅವರು ದುಆ ಮಾಡಿ, ಉಡುಪಿನ ಕೊರಳ ಬಳಿ ನೀರು ಸುರಿದು ಮೈ ತಂಪಾಗಿಸುತ್ತಿದ್ದರು. ರೋಗಿಗಳಿಗೂ ಸಾವಿನ ದುಃಖದಲ್ಲಿರುವವರಿಗೂ ‘ತಲ್ಬೀನಾ’ ಎಂಬ ತೆಳು ಗಂಜಿಯನ್ನು ಕೊಡುವಂತೆ ಹ. ಆಯಿಶಾ(ರ) ಹೇಳುತ್ತಿದ್ದರು. ಈ ಮೂರು ವರದಿಗಳೂ ಸಹೀಹ್ ಬುಖಾರಿಯಲ್ಲಿವೆ.

ಹ. ಆಯಿಶಾ(ರ) ಅವರಿಗೆ ವೈದ್ಯದ ತಿಳುವಳಿಕೆ ಎಲ್ಲಿಂದ ಬಂತು ಎಂದು ಅವರ ಸೋದರಿಯ ಮಗ ಉರ್ವಾ ಕೇಳಿದ್ದುಂಟು. ಪ್ರವಾದಿ(ಸ)ರು ಕೊನೆಯ ದಿನಗಳಲ್ಲಿ ಕಾಯಿಲೆ ಬಿದ್ದಾಗ ನಾನಾ ಕಡೆಯ ಅರಬ್ ನಿಯೋಗಗಳು ಬಂದು ಮದ್ದು ಹೇಳುತ್ತಿದ್ದವು, ತಾನು ಅದನ್ನು ಮಾಡಿ ಕೊಡುತ್ತಿದ್ದೆ ಎಂಬುದು ಅವರ ಉತ್ತರದ ಸಾರ. ಇಮಾಮ್ ಅಹ್ಮದರ ಮುಸ್ನದ್‌ನಲ್ಲಿ ಈ ವರದಿಯಿದೆ. ಬಲ್ಲವರಿಂದ ಕೇಳಿ, ಮಾಡಿ, ನೋಡಿ ಕಲಿತ ವಿದ್ಯೆ ಅದು.

ಮನೆಮದ್ದಿಗೆ ಮೀರಿದ ಸ್ಥಿತಿ ಬಂದಾಗ ಏನು ಮಾಡಿದರು ಎಂಬುದೂ ದಾಖಲಾಗಿದೆ. ಹಿ. 5ರ ಖಂದಕ್ ಯುದ್ಧದಲ್ಲಿ ಹ. ಸಅದ್ ಬಿನ್ ಮುಆದ್(ರ) ತೀವ್ರವಾಗಿ ಗಾಯಗೊಂಡಾಗ, ಗಾಯಾಳುಗಳ ಚಿಕಿತ್ಸೆಯಲ್ಲಿ ನುರಿತಿದ್ದ ರುಫೈದಾ(ರ) ಎಂಬ ಮಹಿಳೆಯ ಬಳಿ ಅವರನ್ನು ಇರಿಸಲಾಯಿತು. ಆಕೆಯ ಡೇರೆ ಮಸೀದಿಯ ಆವರಣದಲ್ಲೇ ಇತ್ತೆಂದು ಇಬ್ನು ಇಸ್‌ಹಾಕ್ ಬರೆಯುತ್ತಾರೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಎದೆನೋವಿನಿಂದ ಮಲಗಿದ್ದಾಗ ಪ್ರವಾದಿ(ಸ)ರು ಅವರಿಗೆ ಅಜ್ವಾ ಖರ್ಜೂರದ ಮದ್ದನ್ನು ಸೂಚಿಸಿದರು, ಜೊತೆಗೆ ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿಗೆ ಹೋಗಲೂ ಹೇಳಿದರು ಎಂಬ ವರದಿ ಅಬೂದಾವೂದ್‌ನಲ್ಲಿದೆ. ಅದರ ಸನದ್ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಖರ್ಜೂರವೂ ವೈದ್ಯನೂ ಒಂದೇ ಮಾತಿನಲ್ಲಿ ಬಂದಿರುವುದು ಗಮನಾರ್ಹ.

ಇನ್ನೊಂದು ಹದೀಸ್ ಅಬೂದಾವೂದ್, ನಸಾಈ ಮತ್ತು ಇಬ್ನುಮಾಜದಲ್ಲಿದೆ. ವೈದ್ಯ ವಿದ್ಯೆ ತಿಳಿಯದವನು ಚಿಕಿತ್ಸೆ ಮಾಡಲು ಹೊರಟರೆ ಆಗುವ ಹಾನಿಗೆ ಅವನೇ ಹೊಣೆ ಎಂಬುದು ಅದರ ತಾತ್ಪರ್ಯ. ‘ತಿಬ್ಬುನ್ನಬವಿ’ಯ ಬಗ್ಗೆ ಅತಿ ಹೆಚ್ಚು ಓದಲ್ಪಡುವ ಬರಹವನ್ನು ಕೊಟ್ಟ ಡಮಾಸ್ಕಸ್‌ನ ಇಬ್ನುಲ್ ಕಯ್ಯಿಮ್ (ಕ್ರಿ.ಶ. 1292–1350) ಅದೇ ಬರಹದಲ್ಲಿ ಈ ಹದೀಸನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಬಲ್ಲ ವೈದ್ಯನನ್ನೇ ಹುಡುಕಬೇಕೆಂದೂ ಒತ್ತಿ ಹೇಳಿದ್ದಾರೆ. ಸಂದೇಶ ಹಂಚುವವರು ಜೇನಿನ ಪುಟವನ್ನು ಓದುತ್ತಾರೆ, ಈ ಪುಟವನ್ನು ಬಿಟ್ಟುಬಿಡುತ್ತಾರೆ.

ವೈದ್ಯನಿಲ್ಲದ ಊರಿಗೆ

ಮುಂದಿನ ಶತಮಾನಗಳಲ್ಲಿ ಮನೆಮದ್ದು ಪುಸ್ತಕಕ್ಕೆ ಏರಿತು. ಅದನ್ನು ಬರೆದವರು ಆ ಕಾಲದ ಅಗ್ರಗಣ್ಯ ವೈದ್ಯರೇ. ರಯ್ ಮತ್ತು ಬಗ್ದಾದ್‌ನ ಆಸ್ಪತ್ರೆಗಳನ್ನು ನಡೆಸಿದ, ಸಿಡುಬು ಮತ್ತು ದಡಾರದ ಬಗ್ಗೆ ಹೆಸರಾಂತ ಗ್ರಂಥ ಬರೆದ ಅಬೂಬಕ್ಕರ್ ಅರ್‍ರಾಝಿ ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡರು. ಅವರ ಒಂದು ಪುಸ್ತಕದ ಹೆಸರು ‘ಮನ್ ಲಾ ಯಹ್‌ದುರುಹುತ್ತಬೀಬ್’, ಅಂದರೆ ‘ವೈದ್ಯನ ಬಳಿ ಇಲ್ಲದವನಿಗೆ’. ಅಂಗಡಿಬೀದಿಯಲ್ಲಿ, ಅಡುಗೆಮನೆಯಲ್ಲಿ, ಸೇನೆಯ ಬಿಡಾರದಲ್ಲಿ ಸಿಗುವ ಪದಾರ್ಥಗಳಿಂದಲೇ ಮಾಡಿಕೊಳ್ಳಬಹುದಾದ ಮದ್ದುಗಳು ಅದರಲ್ಲಿವೆ. ಹೆಸರಿನಲ್ಲೇ ಅದರ ಎಲ್ಲೆಯೂ ಇದೆ. ವೈದ್ಯ ಸಿಗದವನಿಗೆ ಬರೆದ ಪುಸ್ತಕವದು, ವೈದ್ಯ ಬೇಡವೆನ್ನುವವನಿಗಲ್ಲ.

ಅದೇ ಶತಮಾನದಲ್ಲಿ ಇಂದಿನ ಟ್ಯುನೀಷಿಯಾದ ಕೈರುವಾನ್ ನಗರದಲ್ಲಿದ್ದ ಇಬ್ನುಲ್ ಜಝ್ಝಾರ್ ‘ತಿಬ್ಬುಲ್ ಫುಕರಾ ವಲ್ ಮಸಾಕೀನ್’ ಬರೆದರು. ಬಡವರ ಮತ್ತು ನಿರ್ಗತಿಕರ ವೈದ್ಯವದು. ದೊಡ್ಡ ಗ್ರಂಥಗಳಲ್ಲಿ ಹೇಳಿದ ದುಬಾರಿ ಮೂಲಿಕೆಗಳನ್ನು ಕೊಳ್ಳಲಾಗದವರಿಗೆ ಅಗ್ಗದ ವಸ್ತುಗಳನ್ನು ಅದು ತೋರಿಸಿಕೊಟ್ಟಿತು. ಮುಸ್ಲಿಮ್ ಸಮಾಜ ಅಲ್ಲಿಗೇ ನಿಲ್ಲಲಿಲ್ಲ. ಡಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿಸಿದರು. ವಕ್ಫ್ ಆದಾಯದಿಂದ ನಡೆದ ಅಲ್ಲಿ ಬಡವರಿಗೂ ಉಚಿತ ಚಿಕಿತ್ಸೆಯಿತ್ತು. ಬಡವನಿಗೆ ಮನೆಮದ್ದಿನ ಪುಸ್ತಕ ಕೊಟ್ಟ ಸಮಾಜವೇ ಅವನಿಗಾಗಿ ಆಸ್ಪತ್ರೆಯ ಬಾಗಿಲನ್ನೂ ತೆರೆಯಿತು.

ಕರಿಜೀರಿಗೆ ಸಾವನ್ನು ಬಿಟ್ಟು ಎಲ್ಲಕ್ಕೂ ಮದ್ದೆಂಬ ಹದೀಸನ್ನೂ ವಿದ್ವಾಂಸರು ಜವಾಬ್ದಾರಿಯಿಂದಲೇ ಓದಿದ್ದಾರೆ. ಹತ್ತನೇ ಶತಮಾನದ ಹದೀಸ್ ವಿದ್ವಾಂಸ ಅಲ್ ಖತ್ತಾಬಿ, ಮಾತು ಸಾಮಾನ್ಯ ರೂಪದಲ್ಲಿದ್ದರೂ ಅನ್ವಯ ಕೆಲವು ಬಗೆಯ ರೋಗಗಳಿಗೆ ಎಂದು ವಿವರಿಸಿದರು. ಪ್ರವಾದಿ(ಸ)ರ ಮಾತಿನ ಮೇಲಿನ ಗೌರವ ಅವರಿಗೆ ನಮಗಿಂತ ಕಡಿಮೆಯೇನೂ ಇರಲಿಲ್ಲ.

ವಿಜಾಪುರದ ಫರಿಶ್ತಾ

ಯೂನಾನಿ ವೈದ್ಯ ಭಾರತಕ್ಕೆ ಬಂದಾಗ ಹೊಸ ಪ್ರಶ್ನೆ ಎದುರಾಯಿತು. ಇಲ್ಲಿಯ ಹವೆ ಬೇರೆ, ಗಿಡಮೂಲಿಕೆ ಬೇರೆ. ದೆಹಲಿಯ ಸಿಕಂದರ್ ಲೋದಿಯ ಕಾಲದಲ್ಲಿ, 1512ರಲ್ಲಿ, ಮಿಯಾನ್ ಭುವಾ ಸಂಸ್ಕೃತದ ವೈದ್ಯ ಗ್ರಂಥಗಳನ್ನು ಆಧರಿಸಿ ಪಾರ್ಸಿಯಲ್ಲಿ ‘ಮಅದನುಶ್ಶಿಫಾ’ ಸಿದ್ಧಪಡಿಸಿದರು. ನಮ್ಮ ನಾಡಿನಲ್ಲೂ ಅಂಥದೇ ಕೆಲಸ ನಡೆಯಿತು. ವಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿದ್ದ ಮುಹಮ್ಮದ್ ಕಾಸಿಮ್ ಫರಿಶ್ತಾ ನಮಗೆ ಇತಿಹಾಸಕಾರನಾಗಿ ಪರಿಚಿತ. ಆತ ಭಾರತೀಯ ವೈದ್ಯದ ಬಗ್ಗೆ ‘ದಸ್ತೂರುಲ್ ಅತಿಬ್ಬಾ’ ಎಂಬ ಪಾರ್ಸಿ ಗ್ರಂಥವನ್ನೂ ಬರೆದಿದ್ದಾನೆ. ಇರಾನಿನಿಂದ ಬಂದ ವಿದ್ವಾಂಸನಿಗೆ ಈ ನೆಲದ ವೈದ್ಯರಿಂದ ಕಲಿಯುವುದು ಅವಮಾನವೆನಿಸಲಿಲ್ಲ.

ಈ ಕೊಡುಕೊಳ್ಳುವಿಕೆ ನಮ್ಮ ಡಬ್ಬಿಗಳಲ್ಲಿ ಇಂದಿಗೂ ಇದೆ. ‘ಇಸಬ್‌ಗೋಲ್’ ಪಾರ್ಸಿ ಪದ. ಬೀಜದ ಆಕಾರ ನೋಡಿ ಕುದುರೆಯ ಕಿವಿ ಎಂದು ಇಟ್ಟ ಹೆಸರು. ಇಪ್ಪತ್ತನೇ ಶತಮಾನದಲ್ಲಿ ದೆಹಲಿಯ ಹಕೀಮ್ ಅಜ್ಮಲ್ ಖಾನ್ (1868–1927) ಯೂನಾನಿ ಮತ್ತು ಆಯುರ್ವೇದವನ್ನು ಒಂದೇ ಕಾಲೇಜಿನಲ್ಲಿ ಕಲಿಸುವ ವ್ಯವಸ್ಥೆ ಮಾಡಿದರು, ಮೂಲಿಕೆಗಳ ರಾಸಾಯನಿಕ ಸಂಶೋಧನೆಗೆ ಯುವ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಹುರಿದುಂಬಿಸಿದರು. ಸಿದ್ದೀಕಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ವಸ್ತುವಿಗೆ ಹಕೀಮರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದು ಹೃದಯ ಬಡಿತದ ತೊಂದರೆಗಳಲ್ಲಿ ಬಳಕೆಗೆ ಬಂತು. ಪರೀಕ್ಷೆಗೆ ಒಡ್ಡಿದರೆ ಪರಂಪರೆಗೆ ಕುಂದಾಗುತ್ತದೆ ಎಂದು ಆ ಹಕೀಮರು ಭಾವಿಸಲಿಲ್ಲ.

ನಮ್ಮ ಮನೆಯಲ್ಲಿ

ಹಾಗಾದರೆ ಇಂದು ನಾವು ಏನು ಮಾಡಬೇಕು? ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಚಮಚೆ ಜೇನು ಕೊಡಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಪ್ರಾಣಾಪಾಯವಿದೆ. ತಹ್ನೀಕ್‌ಗೂ ಜೇನು ಬೇಡ. ಭೇದಿಯಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಇಸಬ್‌ಗೋಲನ್ನು ತುಂಬು ಲೋಟ ನೀರಿನೊಂದಿಗೇ ಸೇವಿಸಿ. ಗಾಯವನ್ನು ಶುದ್ಧ ನೀರಿನಿಂದ ತೊಳೆದು ಒಗೆದ ಬಟ್ಟೆ ಕಟ್ಟಿ. ಇಂದು ಬೂದಿಯ ಅಗತ್ಯವಿಲ್ಲ. ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುವುದರಿಂದ ಮಕ್ಕಳ ಕಣ್ಣಿಗೆ ಹಚ್ಚದಿರುವುದೇ ಲೇಸು.

ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ, ಉಸಿರಾಟದ ಕಷ್ಟ, ಎದೆನೋವು, ಭೇದಿಯಲ್ಲಿ ರಕ್ತ, ಫಿಟ್ಸ್, ಮಂಪರು ಇವುಗಳಲ್ಲಿ ಯಾವುದೇ ಕಂಡರೂ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕರಿಜೀರಿಗೆ ತಿನ್ನುವವರು ಅದನ್ನೂ ವೈದ್ಯರಿಗೆ ತಿಳಿಸಲಿ. ಯೂನಾನಿ ಚಿಕಿತ್ಸೆಯೇ ಬೇಕೆನ್ನುವವರು ಪದವಿ ಪಡೆದ ಹಕೀಮರ ಬಳಿಗೆ ಹೋಗಲಿ. ಅದಕ್ಕಾಗಿ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆಯೇ ನಮ್ಮ ಬೆಂಗಳೂರಿನಲ್ಲಿದೆ.

ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ಯಾವ ರೋಗವನ್ನೂ ಇಳಿಸಿಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ. ಅಡುಗೆಮನೆಯ ಜೇನೂ ಆಸ್ಪತ್ರೆಯ ಇನ್ಸುಲಿನ್ನೂ ಅವನದೇ ಅನುಗ್ರಹ. ಒಂದರ ಹೆಸರಿನಲ್ಲಿ ಇನ್ನೊಂದನ್ನು ತಳ್ಳುವುದು ಕೃತಘ್ನತೆ. ಇನ್ನು ಮುಂದೆ ಮದ್ದಿನ ಸಂದೇಶವೊಂದನ್ನು ಇತರರಿಗೆ ಕಳುಹಿಸುವ ಮೊದಲು, ಇದರಿಂದ ಒಬ್ಬರಿಗೆ ಹಾನಿಯಾದರೆ ಹೊಣೆ ಯಾರದು ಎಂಬ ಆ ಹದೀಸನ್ನು ನೆನಪಿಸಿಕೊಳ್ಳೋಣ. ಅಲ್ಲಾಹನು ನಮ್ಮ ಮನೆಗಳ ರೋಗಿಗಳಿಗೆ ಶಿಫಾ ನೀಡಲಿ, ನಮಗೆ ಸರಿಯಾದ ತಿಳುವಳಿಕೆ ಕರುಣಿಸಲಿ. ಆಮೀನ್.