ತಿರುವಿನಲ್ಲಿ ರೈಲು ಹಳಿ ಸವೆಯೋದು ಯಾಕೆ? ಗ್ರೈಂಡಿಂಗ್ ಏನು ಮಾಡುತ್ತೆ?

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ ಓಡಾಡಿದವರಿಗೆ ತಿರುವಿನಲ್ಲಿ ಕೇಳುವ ‘ಕಿರ್ರ್’ ಸದ್ದು ಹೊಸದಲ್ಲ. ಸುಮಾರು 55 ಕಿ.ಮೀ. ಉದ್ದದ ಈ ಮಾರ್ಗದಲ್ಲಿ 50 ಮೀಟರ್‌ಗೆ 1 ಮೀಟರ್ ಏರು, ಜೊತೆಗೆ ಸಾಲುಸಾಲು ತಿರುವುಗಳು. ಗಾಲಿ ಹಳಿಗೆ ಉಜ್ಜುವ ಸದ್ದು ಅದು. ಉಜ್ಜಿದಷ್ಟೂ ಹಳಿ ಸವೆಯುತ್ತದೆ.

ಸವೆತ ಹೇಗೆ?
ಎಡ, ಬಲ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಒಟ್ಟಿಗೇ ತಿರುಗುತ್ತವೆ. ಆದರೆ ತಿರುವಿನಲ್ಲಿ ಹೊರಗಿನ ಹಳಿಯ ದಾರಿ ಉದ್ದ, ಒಳಗಿನದು ಕಮ್ಮಿ. ಗಾಲಿಯ ಇಳಿಜಾರು ಆಕಾರ ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ತಿರುವು ಕಡಿದಾಗಿದ್ದರೆ ಅದು ಸಾಲದು. ಗಾಲಿಯ ಅಂಚು ಹೊರಹಳಿಯ ಒಳಮೈಯನ್ನು ಕೆರೆಯುತ್ತದೆ. ಒಳಹಳಿಯ ತಲೆ ಚಪ್ಪಟೆಯಾಗಿ, ಮೇಲೆ ಅಲೆಯಂತಹ ಉಬ್ಬುತಗ್ಗು ಏಳುತ್ತದೆ.

ಬಿರುಕೇ ದೊಡ್ಡ ಅಪಾಯ
ಸವೆತಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹಳಿಯ ಮೂಲೆಯಲ್ಲಿ ಏಳುವ ಕೂದಲೆಳೆಯಂಥ ಬಿರುಕುಗಳು. 2000ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ತಿರುವಿನಲ್ಲಿ ಇಂಥ ಬಿರುಕುಗಳಿಂದಲೇ ಹಳಿ ನೂರಾರು ಚೂರಾಗಿ, ರೈಲು ಹಳಿ ತಪ್ಪಿ ನಾಲ್ವರು ಸತ್ತರು. ಹಳಿ ಹಾಳಾಗಿರುವುದು ಮೊದಲೇ ಗೊತ್ತಿತ್ತು, ಆದರೂ ಬದಲಾಯಿಸಿರಲಿಲ್ಲ.

ಗ್ರೈಂಡಿಂಗ್ ಎಂದರೆ?
ತಿರುಗುವ ಉಜ್ಜುಗಲ್ಲುಗಳಿರುವ ಯಂತ್ರ ಹಳಿಯ ಮೇಲೆ ನಿಧಾನವಾಗಿ ಸಾಗುತ್ತದೆ. ಬೇರೆ ಬೇರೆ ಕೋನದಲ್ಲಿ ಇಟ್ಟ ಕಲ್ಲುಗಳು ಒಂದು ಸುತ್ತಿಗೆ ಮಿಲಿಮೀಟರ್‌ನ ಒಂದು ಸಣ್ಣ ಪಾಲಿನಷ್ಟು ಉಕ್ಕನ್ನು ಕೆರೆದು ತೆಗೆಯುತ್ತವೆ. ಇದರಿಂದ ಎಳೆಯ ಬಿರುಕು ಹೋಗುತ್ತದೆ, ಉಬ್ಬುತಗ್ಗು ಸಮವಾಗುತ್ತದೆ, ಹಳಿಯ ತಲೆಗೆ ಗಾಲಿಗೆ ಹೊಂದುವ ಆಕಾರ ಮರಳಿ ಬರುತ್ತದೆ.

ಸವೆಯುತ್ತಿರೋ ಹಳಿಯನ್ನೇ ಮತ್ತೆ ಉಜ್ಜೋದು ಯಾಕೆ ಅಂತ ಅನ್ನಿಸಬಹುದು. ಬಿರುಕು ಎಳೆಯದಿದ್ದಾಗ ಸ್ವಲ್ಪ ಉಕ್ಕು ಹೋದರೆ ಸಾಕು. ಆಳಕ್ಕೆ ಇಳಿದ ಮೇಲೆ ಗ್ರೈಂಡಿಂಗ್‌ಗೆ ಸಿಗುವುದಿಲ್ಲ, ಹಳಿಯನ್ನೇ ಬದಲಿಸಬೇಕು.

ಗ್ರೈಂಡಿಂಗ್ ಒಂದೇ ಸಾಲದು
ಹೊರಹಳಿಯ ಪಕ್ಕದ ಸವೆತ ತಡೆಯಲು ಒಳಮೈಗೆ ಗ್ರೀಸ್ ಹಚ್ಚುತ್ತಾರೆ. ಗ್ರೀಸ್ ಹಳಿಯ ಮೇಲ್ಭಾಗಕ್ಕೆ ಬಂದರೆ ಬ್ರೇಕ್ ಹಿಡಿತ ತಪ್ಪುತ್ತದೆ, ಏರಿನಲ್ಲಿ ಎಂಜಿನ್ ಗಾಲಿ ಜಾರುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಅಲ್ಟ್ರಾಸಾನಿಕ್ ಪರೀಕ್ಷೆಯಿಂದ ಹುಡುಕುತ್ತಾರೆ.

ಈ ಕೆಲಸ ನಡೆಯಲು ಆ ಹೊತ್ತಿಗೆ ಲೈನ್ ಖಾಲಿ ಇರಬೇಕು. ಅದಕ್ಕಾಗಿ ರೈಲು ತಡವಾದರೆ ಪ್ರಯಾಣಿಕರು ಬೈಯೋದು ಸಹಜ. ಆದರೆ ಈ ಒಂದೆರಡು ಗಂಟೆ ಉಳಿಸಲು ಹೋದರೆ ಬಿರುಕು ಬೆಳೆಯಲು ಕಾಲ ಕೊಟ್ಟಂತೆ.