ಕ್ರಿಮಿನಲ್ ತೀರ್ಪಿನ ಸಿಂಧುತ್ವ

ಕ್ರಿಮಿನಲ್ ಮೊಕದ್ದಮೆಯ ತೀರ್ಪು ಊರ್ಜಿತವಾಗಲು ನ್ಯಾಯಾಧೀಶರು ಮನಸ್ಸಿನಲ್ಲಿ ನಿರ್ಧರಿಸಿದರೆ ಸಾಲದು. ಕಾರಣಗಳನ್ನು ಬರೆದು, ದಿನಾಂಕ ನಮೂದಿಸಿ, ಸಹಿ ಮಾಡಿ, ತೆರೆದ ನ್ಯಾಯಾಲಯದಲ್ಲಿ ಪ್ರಕಟಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ತೆಂಗಿನ ಸೀಮೆಯ ಮ್ಯಾಜಿಸ್ಟ್ರೇಟರಿಗೂ ಹೈಕೋರ್ಟಿನ ಪೀಠಕ್ಕೂ ತಿರುಳಿನಲ್ಲಿ ಇದೇ ಕಟ್ಟಳೆ.

ಬ್ರಿಟಿಷ್ ಭಾರತದಲ್ಲಿ 1861ರಿಂದ ದಂಡ ಪ್ರಕ್ರಿಯಾ ಸಂಹಿತೆ ಇತ್ತು. ಮೈಸೂರು ಸಂಸ್ಥಾನದ ಭಾಗವಾಗಿದ್ದ ಈ ತೆಂಗಿನ ಸೀಮೆಯ ಮೇಲ್ಮನವಿಗಳಿಗೆ 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟು, 1930ರಿಂದ ಹೈಕೋರ್ಟು ಕೊನೆಯ ಮೆಟ್ಟಿಲಾಗಿದ್ದವು. 1898ರ ಸಂಹಿತೆಯ ಜಾಗಕ್ಕೆ 1974ರ ಏಪ್ರಿಲ್ 1ರಂದು 1973ರ ಸಂಹಿತೆಯೂ, 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದವು. 1973ರ ಸಂಹಿತೆಯಲ್ಲಿ ತೀರ್ಪಿನ ಕುರಿತಾಗಿದ್ದ 353, 354ನೇ ಕಲಮುಗಳು ಈಗ 392, 393.

ಈ ನಿಯಮದ ತಿರುಳು ಸ್ಪಷ್ಟವಾದದ್ದು ಸುರೇಂದ್ರ ಸಿಂಗ್ ಪ್ರಕರಣದಲ್ಲಿ. ಸಿಂಗ್‌ಗೆ ವಿಧಿಸಿದ್ದ ಮರಣದಂಡನೆಯ ವಿರುದ್ಧದ ಮೇಲ್ಮನವಿಯನ್ನು ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದ ಇಬ್ಬರು ನ್ಯಾಯಮೂರ್ತಿಗಳಾದ ಭಾರ್ಗವ ಮತ್ತು ಕಿದ್ವಾಯಿ ಆಲಿಸಿದ್ದರು. ಭಾರ್ಗವ ಅವರು ಇಬ್ಬರ ಪರವಾಗಿ ತೀರ್ಪು ಬರೆಸಿ, ಪುಟಪುಟಕ್ಕೂ ಸಹಿ ಹಾಕಿ, ದಿನಾಂಕ ಮಾತ್ರ ಬರೆಯದೆ, ಕಿದ್ವಾಯಿ ಅವರಿಗೆ ಕಳಿಸಿದರು. ತೀರ್ಪು ಪ್ರಕಟವಾಗುವ ಮೊದಲೇ, 1952ರ ಡಿಸೆಂಬರ್ 24ರಂದು, ಭಾರ್ಗವ ತೀರಿಕೊಂಡರು. ಕಿದ್ವಾಯಿ 1953ರ ಜನವರಿ 5ರಂದು ಅದನ್ನೇ ಓದಿದರು. ಸುಪ್ರೀಂ ಕೋರ್ಟು ಅದನ್ನು ತೀರ್ಪೆಂದು ಒಪ್ಪಲಿಲ್ಲ. ಪ್ರಕಟಿಸುವ ಗಳಿಗೆಯವರೆಗೂ ನ್ಯಾಯಾಧೀಶರು ಮನಸ್ಸು ಬದಲಿಸಬಹುದು. ತೀರಿಕೊಂಡವರಿಗೆ ಆ ಅವಕಾಶವಿಲ್ಲ. ಒಬ್ಬನ ಕೊರಳು ಪಣಕ್ಕಿರುವಾಗ ಇದು ಬರೀ ತಾಂತ್ರಿಕ ಆಕ್ಷೇಪವಲ್ಲ.

ಓದುವ ಮೊದಲೇ ತೀರ್ಪು ಪೂರ್ತಿ ಬರೆದಿರಬೇಕೆಂಬುದೂ ಈ ನಿಯಮದ ಭಾಗ. ಕರ್ನಾಟಕದ ಸಿವಿಲ್ ನ್ಯಾಯಾಧೀಶರೊಬ್ಬರು ಪೂರ್ತಿ ತೀರ್ಪು ಸಿದ್ಧವಾಗದೆಯೇ ಅದರ ಕೊನೆಯ ಭಾಗವನ್ನಷ್ಟೇ ಓದುತ್ತಿದ್ದರು. 2023ರಲ್ಲಿ ಸುಪ್ರೀಂ ಕೋರ್ಟು ಅವರ ವಜಾವನ್ನು ಎತ್ತಿಹಿಡಿಯಿತು. ಶೀಘ್ರಲಿಪಿಗಾರರ ಅಸಾಮರ್ಥ್ಯದ ನೆಪ ನಡೆಯಲಿಲ್ಲ.

ತೀರ್ಪಿನಲ್ಲಿ ನಿರ್ಣಯಿಸಬೇಕಾದ ಅಂಶಗಳು, ನಿರ್ಣಯ, ಅದರ ಕಾರಣ ಇರಲೇಬೇಕು. ಶಿಕ್ಷೆಯಾದರೆ ಅಪರಾಧದ ಕಲಮೂ ಬೇಕು. ತೋಟಕ್ಕೆ ನುಗ್ಗಿ ಕಾಯಿ ಕದ್ದ ಪ್ರಕರಣವನ್ನೇ ನೋಡಿ: ಮಾಲಿನ ಬೆಲೆ 20,000 ರೂಪಾಯಿ ಮೀರದಿದ್ದರೆ ಸಂಕ್ಷಿಪ್ತ ವಿಚಾರಣೆ ನಡೆಯುತ್ತದೆ. ಅಲ್ಲಿಯೂ ಸಾಕ್ಷ್ಯದ ಸಾರ ಮತ್ತು ಚುಟುಕಾಗಿಯಾದರೂ ಕಾರಣ ಬರೆಯಬೇಕು. ಕಾರಣವಿಲ್ಲದಿದ್ದರೆ ಮೇಲ್ಮನವಿಯಲ್ಲಿ ವಾದಿಸಲು ಏನೂ ಉಳಿಯುವುದಿಲ್ಲ.

ಹಾಗೆಂದು ಪ್ರತಿ ಲೋಪದಿಂದಲೂ ತೀರ್ಪು ಬಿದ್ದುಹೋಗದು. ತೀರ್ಪು ಪ್ರಕಟಿಸಿದ ದಿನ ವಕೀಲರು ಗೈರಾಗಿದ್ದರೆಂಬ ಒಂದೇ ಕಾರಣ ಸಾಲದು. ಇತರ ಕ್ರಮದೋಷಗಳಿಂದ ನ್ಯಾಯಕ್ಕೆ ಭಂಗವಾಗಿದೆಯೇ ಎಂದು ಮೇಲ್ಮನವಿ ನ್ಯಾಯಾಲಯ ನೋಡುತ್ತದೆ. ಸಹಿ ಬಿದ್ದ ಮೇಲೆ ಬರವಣಿಗೆಯ ಅಥವಾ ಲೆಕ್ಕದ ತಪ್ಪು ತಿದ್ದಬಹುದೇ ಹೊರತು ತೀರ್ಮಾನವನ್ನಲ್ಲ.

ತಾಲ್ಲೂಕು ನ್ಯಾಯಾಲಯಗಳ ಭಾಷೆ ಕನ್ನಡವೆಂದು ಸರ್ಕಾರ ಘೋಷಿಸಿದ್ದರೂ ಇಂಗ್ಲಿಷ್ ತೀರ್ಪುಗಳು ನಿಂತಿಲ್ಲ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ನಕಲನ್ನು ಕೂಡಲೇ ಉಚಿತವಾಗಿ ಕೊಡಬೇಕು. ಆರೋಪಿ ಕೇಳಿದರೆ, ಸಾಧ್ಯವಿದ್ದಲ್ಲಿ ಅವರದೇ ಭಾಷೆಯಲ್ಲಿ, ಇಲ್ಲವೇ ನ್ಯಾಯಾಲಯದ ಭಾಷೆಯಲ್ಲಿ ಅನುವಾದ ಕೊಡಬೇಕೆಂದೂ ಕಾನೂನು ಹೇಳುತ್ತದೆ.